ಹುಂಡಿಗೆ ಬೀಳದ ಉಂಗುರ

ವರ್ಕ್‌ಶಾಪಿನೊಳಗೆ ಒಡವೆ ಹಾಕಬೇಡಿ ಎಂದು ನಾನು ದಿನಕ್ಕೆ ಹತ್ತು ಸಲ ಹೇಳುತ್ತೇನೆ, ಹನ್ನೊಂದನೆಯ ಸಲ ಹೇಳುವ ಹಾಗೆ ಯಾರಾದರೊಬ್ಬರು ಹಾಕಿಕೊಂಡೇ ಬರುತ್ತಾರೆ. ನನ್ನ ಮಾತು ಕೇಳುವುದು ಅಲ್ಲಿನ ಮೆಷಿನ್‌ಗಳು ಮಾತ್ರ. ಅವು ಒಡವೆ ಹಾಕುವುದಿಲ್ಲ. (ಈ ವಾಕ್ಯವನ್ನು ಕೊನೆಯಲ್ಲಿ ತಿದ್ದಬೇಕಾಗುತ್ತದೆ. ಸದ್ಯಕ್ಕೆ ಇರಲಿ.)

ನಾನು ಬರೆಯುತ್ತಿರುವುದು ಇದೇ ಮೊದಲು. ಯಾರಿಗೆ ಏನು ಗೊತ್ತಿರುತ್ತದೆ, ಏನು ಗೊತ್ತಿರುವುದಿಲ್ಲ ಎಂದು ನನಗೆ ತಿಳಿಯದು, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತೇನೆ. ನಮ್ಮದು ಮೂರ್ನಾಡಿನಲ್ಲಿ ರಸ್ತೆ ಬದಿಯ ಸಣ್ಣ ವರ್ಕ್‌ಶಾಪ್. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಳೆ ಕೊಚ್ಚುವ ಮೆಷಿನ್, ನೀರಿನ ಮೋಟಾರ್, ತೋಟದ ಗೇಟು, ಇವುಗಳ ರಿಪೇರಿ ನಮ್ಮ ಕೆಲಸ. ನಾವು ನಾಲ್ಕು ಜನ. ನಾನು ಮಾಲೀಕ. ಲೇತ್ ಮೆಷಿನ್ ನೋಡಿಕೊಳ್ಳುವ ಮೇಸ್ತ್ರಿ ಕುಶಾಲನಗರದ ಕಡೆಯವನು. ಅವನ ಹೆಂಡತಿಯೂ ಇಲ್ಲೇ ಇದ್ದಾಳೆ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ ಅವಳದು. ನಾಲ್ಕನೆಯವರು ವೆಲ್ಡರ್. ಕಣ್ಣೂರಿನ ಕಡೆಯವರು, ನಮಗೆಲ್ಲರಿಗಿಂತ ಹಿರಿಯರು, ಆದ್ದರಿಂದ ಎಲ್ಲರಿಗೂ ಅವರು ಚೇಟ, ಮಲಯಾಳದಲ್ಲಿ ಅಣ್ಣ ಎಂದು.

ನಾಲ್ಕು ಜನ ಎಂದರೆ ನಲವತ್ತು ಬೆರಳು. ಬೆಳಿಗ್ಗೆ ಬಂದ ನಲವತ್ತೂ ಸಂಜೆ ಮನೆಗೆ ಹೋಗಬೇಕು. ನನ್ನ ಆಸೆ ಇಷ್ಟೇ. ನಾನು ಕೆಲಸ ಕಲಿತ ಜಾಗದಲ್ಲಿ ಒಬ್ಬ ಹಿರಿಯರ ಉಂಗುರ ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಕೊಂಡಿತ್ತು. ಮೆಷಿನ್ ನಿಲ್ಲಿಸಿ ನೋಡಿದಾಗ ಉಂಗುರ ಇತ್ತು, ಬೆರಳು ಇರಲಿಲ್ಲ. ಇದೊಂದನ್ನು ಮಾತ್ರ ಹೆಚ್ಚು ಬಿಡಿಸಿ ಹೇಳುವುದಿಲ್ಲ.

ಡಬ್ಬಿ ಹುಂಡಿಯಾದದ್ದು

‘ಒಡವೆ ತೆಗೆದಿಟ್ಟು ಒಳಗೆ ಬನ್ನಿ’ ಎಂದು ಬೋರ್ಡು ಬರೆಸಿ ಬಾಗಿಲ ಪಕ್ಕದ ಗೋಡೆಗೆ ತೂಗುಹಾಕಿದೆ. ಅದರ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ. ಹಾಕಿದ ಒಡವೆ ಸುಲಭವಾಗಿ ಯಾರ ಕೈಗೂ ಸಿಗಬಾರದು ಎಂದು ಮುಚ್ಚಳದಲ್ಲಿ ಉದ್ದಕ್ಕೆ ಒಂದು ಸೀಳು ಕೊರೆದೆ. ಅದು ನನ್ನ ಮೊದಲ ತಪ್ಪು. ಎರಡನೆಯ ತಪ್ಪು, ಅದೇ ಗೋಡೆಯಲ್ಲಿ ಗಣಪತಿಯ ಕ್ಯಾಲೆಂಡರ್ ಇದ್ದದ್ದು.

ಮೊದಲ ದಿನವೇ ಗಿರಾಕಿಯೊಬ್ಬರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಹತ್ತು ರೂಪಾಯಿ ನೋಟು ಮಡಚಿ ಡಬ್ಬಿಯೊಳಗೆ ಇಳಿಸಿದರು. ಕಣ್ಣು ಮುಚ್ಚಿ ಕೈಮುಗಿದು ನಿಂತರು.

“ಸ್ವಾಮಿ, ಅದು ದೇವರ ಡಬ್ಬಿ ಅಲ್ಲ” ಎಂದೆ.

“ಮತ್ತೆ ಎಂಥಕ್ಕೆ ಇಟ್ಟದ್ದು?”

“ಉಂಗುರ, ಚೈನು ಹಾಕಲಿಕ್ಕೆ.”

ಅವರು ತಮ್ಮ ಉಂಗುರ ನೋಡಿಕೊಂಡರು. ಗಣಪತಿಯನ್ನು ನೋಡಿದರು. ಆ ಕೈಯನ್ನು ಜೇಬಿನೊಳಗೆ ಸೇರಿಸಿ, “ಅಷ್ಟು ದೊಡ್ಡ ಹರಕೆ ನಾನು ಹೊತ್ತಿಲ್ಲ ಮಾರಾಯ್ರೆ” ಎಂದು ಚಪ್ಪಲಿ ಮೆಟ್ಟಿ ಹೊರಟೇಹೋದರು.

ಅಂದಿನಿಂದ ಆ ಡಬ್ಬಿಗೆ ಹುಂಡಿ ಎಂದೇ ಹೆಸರು.

ಅಪಘಾತ ತಡೆಯುವ ಉಂಗುರ

ಮೇಸ್ತ್ರಿಯ ನಡುಬೆರಳಿನಲ್ಲಿ ನೀಲಿ ಕಲ್ಲಿನ ಉಂಗುರವಿತ್ತು.

“ಹುಂಡಿಗೆ ಹಾಕಪ್ಪ” ಎಂದೆ.

“ಇದೊಂದು ಆಗಲ್ಲ ಸಾರ್. ಶನಿದು. ಅಪಘಾತ ಆಗ್ದೆ ಇರ್ಲಿ ಅಂತ ಜೋಯಿಸ್ರು ಹೇಳಿ ಹಾಕ್ಸಿರೋದು.”

“ಮಾರಾಯ, ಅಪಘಾತ ಆಗುವುದೇ ಅದರಿಂದ.”

“ತೆಗೆದ್ರೆ ಆಗುತ್ತೆ ಅಂದಿದಾರೆ ಸಾರ್.”

“ಹಾಕಿದರೆ ಆಗುತ್ತೆ ಅಂತ ನಾನು ಹೇಳ್ತಾ ಇದ್ದೇನೆ.”

ಅವನು ಸ್ವಲ್ಪ ಯೋಚಿಸಿ, “ನೀವು ಜಾತಕ ನೋಡಿಲ್ವಲ್ಲ ಸಾರ್” ಎಂದ.

ಲೇತ್ ಎಂದರೆ ಕಬ್ಬಿಣದ ತುಂಡನ್ನು ಹಿಡಿದು ಗಿರಗಿರ ತಿರುಗಿಸುವ ಯಂತ್ರ. ಅದು ಯಾರ ಜಾತಕವನ್ನೂ ನೋಡುವುದಿಲ್ಲ. ಉಂಗುರ, ದಾರ, ಅಂಗಿಯ ತೋಳು, ಹತ್ತಿರ ಸಿಕ್ಕಿದ್ದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅದರ ಹಿಂದೆ ಮನುಷ್ಯ ಇದ್ದಾನೆ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನೆಲ್ಲ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದೆ. ಮಾರನೆಯ ದಿನ ಬರಿಗೈಯಲ್ಲಿ ಬಂದ. ನನಗೆ ಎರಡು ದಿನ ಬಹಳ ಸಂತೋಷವಾಗಿತ್ತು. ಮೂರನೆಯ ದಿನ ಸಂಜೆ ಅವನು ಕಾಲು ತೊಳೆಯಲು ಶೂ ಬಿಚ್ಚಿದಾಗ ನೋಡಿದೆ. ಎಡಗಾಲಿನ ಎರಡನೆಯ ಬೆರಳಿನಲ್ಲಿ ಶನಿ ಕುಳಿತಿದ್ದ.

“ಬೆರಳಲ್ಲಿ ಇರ್ಬೇಕು ಅಂದಿದ್ರು ಸಾರ್. ಕೈದೋ ಕಾಲಿಂದೋ ಹೇಳಿರ್ಲಿಲ್ಲ.”

ಶೂ ಒಳಗಿನ ಉಂಗುರ ಯಾವ ಮೆಷಿನ್ನಿಗೂ ಸಿಗುವುದಿಲ್ಲವಾದ್ದರಿಂದ ನಾನು ಸುಮ್ಮನಾದೆ. ಮುಂದಿನ ವಾರ ಪೈಪ್ ರೆಂಚು ಜಾರಿ ಅವನ ಬಲಗಾಲಿನ ಮೇಲೆ ಬಿತ್ತು. ಹೆಬ್ಬೆರಳು ಊದಿಕೊಂಡಿತು. ಇನ್ನಾದರೂ ಬುದ್ಧಿ ಬರಲಿ ಎಂದು, “ಈಗ ಎಲ್ಲಿ ಹೋದ ನಿನ್ನ ಶನಿ?” ಎಂದು ಕೇಳಿದೆ.

ಅವನು ನೋವಿನಲ್ಲೂ ಹೆಮ್ಮೆಯಿಂದ ಎಡಗಾಲು ತೋರಿಸಿದ. “ನೋಡಿದ್ರಾ ಸಾರ್, ಈ ಕಾಲು ಮುಟ್ಟೋಕೆ ಅದಕ್ಕೆ ಧೈರ್ಯ ಬರ್ಲಿಲ್ಲ!”

ರೈಟರ್ ಮತ್ತು ಕಿತ್ತಳೆ

ಹುದಿಕೇರಿ ಕಡೆಯ ಎಸ್ಟೇಟಿನ ರೈಟರ್ ಒಬ್ಬರು ನಮ್ಮ ಗಿರಾಕಿ. ರೈಟರ್ ಎಂದರೆ ಕತೆ ಬರೆಯುವವರಲ್ಲ. ತೋಟದಲ್ಲಿ ಆಳುಗಳ ಹಾಜರಿ ಹಾಕಿ ಕೆಲಸ ಮಾಡಿಸುವವರು. ಅವರ ಕೊರಳಿನಲ್ಲಿ ನಾಯಿ ಕಟ್ಟುವಷ್ಟು ದಪ್ಪದ ಚಿನ್ನದ ಚೈನು. ಯಾವ ಮೆಷಿನ್ ಓಡುತ್ತಿದ್ದರೂ ಬಗ್ಗಿ ನೋಡುವುದು ಅವರ ಅಭ್ಯಾಸ. ಬಗ್ಗಿದಾಗ ಚೈನು ಗಡಿಯಾರದ ಲೋಲಕದ ಹಾಗೆ ಆಡುತ್ತದೆ.

“ಸಾರ್, ಚೈನು ತೆಗೆದಿಡಿ. ಇಲ್ಲ ಹಿಂದೆ ನಿಲ್ಲಿ.”

“ಹೆದರಬೇಡಿ, ಒಳ್ಳೆ ಗಟ್ಟಿ ಉಂಟು. ಕಡಿಯುವುದಿಲ್ಲ.”

“ಕಡಿಯುವುದಿಲ್ಲ ಅನ್ನುವುದೇ ತೊಂದರೆ ಸಾರ್. ಚೈನು ಕಡಿಯದಿದ್ದರೆ ಕುತ್ತಿಗೆ ಹೋಗಬೇಕಲ್ಲ.”

ಅವರು ನಕ್ಕರು. ಬಾಯಲ್ಲಿ ಹೇಳಿದರೆ ತಿಳಿಯದು, ಮಾಡಿ ತೋರಿಸೋಣ ಎಂದು ನನಗೆ ಅನ್ನಿಸಿತು. ಚೇಟನ ಬುತ್ತಿಯ ಪಕ್ಕದಲ್ಲಿದ್ದ ಕಿತ್ತಳೆ ತೆಗೆದುಕೊಂಡು ಅದಕ್ಕೆ ಗೋಣಿದಾರ ಕಟ್ಟಿದೆ. “ಇದು ನಿಮ್ಮ ತಲೆ, ಇದು ನಿಮ್ಮ ಚೈನು” ಎಂದು ಹೇಳಿ, ಎಲ್ಲರನ್ನೂ ಹಿಂದೆ ಸರಿಸಿ, ದಾರದ ತುದಿಯನ್ನು ಮೆಷಿನ್ನಿಗೆ ಸಿಕ್ಕಿಸಿ ದೂರದಿಂದ ಸ್ವಿಚ್ ಹಾಕಿದೆ. ಕಿತ್ತಳೆ ಒಂದು ಸುತ್ತು ಕಾಣಿಸಿತು. ಎರಡನೆಯ ಸುತ್ತಿನಲ್ಲಿ ಕಾಣಿಸಲಿಲ್ಲ. ಅದು ರೈಟರ ಬಿಳಿ ಅಂಗಿಯ ಮೇಲಿತ್ತು. ಸ್ವಲ್ಪ ಅವರ ಕನ್ನಡಕದ ಮೇಲೂ ಇತ್ತು.

ಅವರು ಕನ್ನಡಕ ಒರೆಸಿಕೊಳ್ಳುತ್ತಾ ಬೇಸರದಿಂದ ಹೇಳಿದರು: “ಕಿತ್ತಳೆಗೆ ದಾರ ಕಟ್ಟಬಾರದು ಅಂತ ಬಾಯಲ್ಲಿ ಹೇಳಿದ್ದರೆ ಸಾಕಿತ್ತಲ್ಲ!”

ಚೇಟ ಇಂದಿಗೂ ಆ ಕಿತ್ತಳೆ ಕೇಳುತ್ತಾರೆ.

ಎರಡು ಕೋಟ್

ನಮ್ಮಲ್ಲಿ ಬುದ್ಧಿ ಇರುವ ಒಬ್ಬಳು ಎಂದರೆ ಮೇಸ್ತ್ರಿಯ ಹೆಂಡತಿ. ಕೆಲಸಕ್ಕೆ ಸೇರಿದ ದಿನವೇ, ನಾನು ಬಾಯಿ ತೆರೆಯುವ ಮೊದಲೇ, ಗಾಜಿನ ಬಳೆ ತೆಗೆದು ಹುಂಡಿಯ ಪಕ್ಕದಲ್ಲಿಟ್ಟಳು. ಕರಿಮಣಿ ಸರವನ್ನು ಕೆಲಸದ ಅಂಗಿಯ ಒಳಗೆ ಸೇರಿಸಿ ಕತ್ತಿನವರೆಗೆ ಗುಂಡಿ ಹಾಕಿಕೊಂಡಳು. ಇಂಥವರೂ ಇದ್ದಾರಲ್ಲ ಎಂದು ನನ್ನ ಕಣ್ಣು ತುಂಬಿಬಂತು.

ಮಧ್ಯಾಹ್ನ ಅವಳ ಅತ್ತೆ, ಅಂದರೆ ಮೇಸ್ತ್ರಿಯ ತಾಯಿ, ಊಟದ ಬುತ್ತಿ ತಂದರು. ಸೊಸೆಯ ಬರಿಗೈ ನೋಡಿದರು. ಬುತ್ತಿ ಕೆಳಗಿಟ್ಟು ಎದೆಗೆ ಕೈ ಹಚ್ಚಿಕೊಂಡರು.

“ಅಯ್ಯೋ, ನನ್ ಮಗನಿಗೆ ಏನಾಯ್ತೇ!”

ಗಂಡ ಇರುವವಳ ಕೈ ಬರಿದಾಗಿರುವುದಿಲ್ಲ ಎಂಬುದು ಅವರ ನಂಬಿಕೆ, ಅದಕ್ಕೆ ಹೀಗೆ ಕೂಗಿದ್ದು. ಮಗ ಅಲ್ಲೇ, ಹತ್ತಡಿ ದೂರದ ಲೇತಿನ ಹಿಂದಿನಿಂದ ತಲೆ ಎತ್ತಿದ.

“ಅವ್ವ, ನಾನಿಲ್ಲೇ ಇದೀನಿ.”

“ನೀನು ಸುಮ್ನಿರೋ! ನಿನ್ ವಿಷ್ಯಾನೇ ಮಾತಾಡ್ತಿರೋದು!” ಎಂದು ಅವನನ್ನು ಗದರಿಸಿ ನನ್ನ ಕಡೆ ತಿರುಗಿದರು. “ನಿಮ್ಮನೇಲಿ ನಿಮ್ಮೆಂಡ್ರು ಬಳೆ ಬಿಚ್ಚಿಟ್ಟು ದೋಸೆ ಹುಯ್ತಾರಾ?”

“ದೋಸೆ ಕಾವಲಿ ತಿರುಗುವುದಿಲ್ಲಮ್ಮ.”

ಅರ್ಧ ಗಂಟೆ ವಿವರಿಸಿದೆ. ತಂತಿ ಸುತ್ತುವ ಮೆಷಿನ್ ತಿರುಗುವಾಗ ಬಳೆ ಸಿಕ್ಕಿದರೆ ಏನಾಗುತ್ತದೆ ಎಂದು ಹೇಳಿದೆ. ಕಿತ್ತಳೆಯ ವಿಷಯವನ್ನೂ ಹೇಳಿದೆ. ಅವರು ಜಗ್ಗಲಿಲ್ಲ. ಕೊನೆಗೆ ಚೇಟ ಗೇಟಿಗೆ ಹೊಡೆಯುವ ಹಸಿರು ಪೇಂಟಿನ ಡಬ್ಬಿ ತಂದು, “ಇದು ಎಲ್ಲಿಯೂ ಸಿಕ್ಕಿಕೊಳ್ಳಲ್ಲ ಸಾರೇ” ಎಂದು ಅವಳ ಎರಡು ಮಣಿಕಟ್ಟಿಗೂ ಬ್ರಶ್ಶಿನಲ್ಲಿ ಸುತ್ತಲೂ ಗೆರೆ ಎಳೆದರು.

ಅತ್ತೆ ಸೊಸೆಯ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಇನ್ನೊಂದು ಕೋಟ್ ಹೊಡೀರಿ” ಎಂದರು.

ನನ್ನ ವಿಷಯ

ಇದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಆದರೆ ಬೇರೆಯವರದ್ದೆಲ್ಲ ಬರೆದು ನನ್ನದನ್ನು ಬಿಟ್ಟರೆ ಸರಿಯಲ್ಲ.

ನನ್ನ ಎಡಗೈಯಲ್ಲೂ ಒಂದು ಉಂಗುರವಿತ್ತು. ಮದುವೆಯ ಉಂಗುರ. ಮದುವೆಯ ದಿನ ನನ್ನ ಬೆರಳು ತೆಳ್ಳಗಿತ್ತು, ಆಮೇಲೆ ಬೆರಳು ಬೆಳೆಯಿತು, ಉಂಗುರ ಬೆಳೆಯಲಿಲ್ಲ. ಸೋಪು, ತೆಂಗಿನೆಣ್ಣೆ, ಗ್ರೀಸು, ಎಲ್ಲ ಆಯಿತು. ಕತ್ತರಿಸಿಬಿಡೋಣ ಎಂದು ಹೆಂಡತಿಗೆ ಹೇಳಿದಾಗ ಅವಳು, “ಮದುವೆ ಉಂಗುರ ಕತ್ತರಿಸುವುದಾ? ಯಾವಳು ಹೇಳಿಕೊಟ್ಟದ್ದು?” ಎಂದು ಕೇಳಿದಳು. ಆ ಮಾತು ಅಲ್ಲಿಗೇ ನಿಂತಿತು. ನಾನು ಉಂಗುರದ ಮೇಲೆ ಕರಿ ಇನ್ಸುಲೇಷನ್ ಟೇಪು ಸುತ್ತಿಕೊಂಡು ಕೆಲಸ ಮಾಡುತ್ತಿದ್ದೆ.

ಮೇಸ್ತ್ರಿಯ ಹೆಂಡತಿ ದಿನಾ ಬೆಳಿಗ್ಗೆ ಡಬ್ಬಿಯನ್ನು ನನ್ನ ಮುಂದೆ ಹಿಡಿಯುತ್ತಿದ್ದಳು. “ಸಾರ್, ಹುಂಡಿ.”

“ನನ್ನದು ಬರುವುದಿಲ್ಲಮ್ಮ. ಟೇಪು ಸುತ್ತಿದ್ದೇನಲ್ಲ.”

“ಟೇಪು ಮೆಷಿನ್ನಿಗೆ ಕಾಣ್ಸುತ್ತಾ ಸಾರ್?”

“ಕೆಲಸ ನೋಡು ಹೋಗಮ್ಮ” ಎನ್ನುತ್ತಿದ್ದೆ.

ಆಯುಧಪೂಜೆಯ ದಿನ ಬಂತು. ಮೆಷಿನ್‌ಗಳನ್ನು ತೊಳೆದು ಕುಂಕುಮ ಇಟ್ಟೆವು. ಹಬ್ಬದ ದಿನ ಚೆನ್ನಾಗಿ ಕಾಣುವುದಿಲ್ಲ ಎಂದು ನಾನು ಟೇಪು ಬಿಚ್ಚಿದೆ. ಉದ್ದನೆಯ ಚೆಂಡುಹೂವಿನ ಹಾರವೊಂದನ್ನು ತಂದು ಡ್ರಿಲ್ಲಿಂಗ್ ಮೆಷಿನ್ನಿನ ಕೊರಳಿಗೆ ನಾನೇ ಕೈಯಾರೆ ಕಟ್ಟಿದೆ. ಎಲ್ಲರೂ ಸೇರಿದ್ದರು, ನನ್ನ ಹೆಂಡತಿ, ಮೇಸ್ತ್ರಿಯ ತಾಯಿ ಕೂಡ. “ಒಡವೆ ಎಲ್ಲ ಹುಂಡಿಗೆ ಬಿತ್ತಾ? ಕೈ ತೋರಿಸಿ” ಎಂದು ಹಬ್ಬದ ದಿನವೂ ಎಲ್ಲರ ಕೈ ನೋಡಿ ಸಣ್ಣದೊಂದು ಭಾಷಣ ಮಾಡಿದೆ. ಮಂಗಳಾರತಿ ಆದ ಮೇಲೆ ಪ್ರತಿ ಮೆಷಿನ್ನನ್ನೂ ಒಂದು ಕ್ಷಣ ಓಡಿಸುವುದು ನಮ್ಮ ರೂಢಿ. ಸ್ವಿಚ್ ಹಾಕಿದೆ.

ಹಾರದ ತುದಿ ತಿರುಗುವ ಭಾಗಕ್ಕೆ ಸಿಕ್ಕಿತು. ಚೆಂಡುಹೂವು ಸಿಡಿದು ಎಲ್ಲರ ಮುಖಕ್ಕೂ ಬಡಿಯಿತು. ಆಗ ನಾನು, ಯಾವುದನ್ನು ಮಾಡಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇನೋ ಅದನ್ನೇ ಮಾಡಿದೆ. ಹಾರ ಬಿಡಿಸಲು ಎಡಗೈ ಹಾಕಿದೆ. ಹಾರದ ದಾರ ಉಂಗುರದ ಅಡಿಗೆ ಸಿಕ್ಕಿ ಕೈಯನ್ನು ಎಳೆಯಿತು.

“ಸಾರ್!” ಎಂಬ ಕೂಗು, ಮೇನ್ ಸ್ವಿಚ್ ಬಿದ್ದ ಸದ್ದು, ಎರಡೂ ಒಟ್ಟಿಗೆ ಕೇಳಿಸಿದವು. ಮೇಸ್ತ್ರಿಯ ಹೆಂಡತಿ ಕರೆಂಟು ತೆಗೆದಿದ್ದಳು. ಮೇಸ್ತ್ರಿ ಓಡಿಬಂದು ದಾರ ಕತ್ತರಿಸಿದ. ಬೆರಳು ಇತ್ತು. ಕೆಂಪಾಗಿ ಊದಲು ಶುರುವಾಗಿತ್ತು, ಆದರೆ ಇತ್ತು. ನಾನು ಕೆಲಸ ಕಲಿತ ಜಾಗದ ಆ ಹಿರಿಯರ ಕೈ ಕಣ್ಣಮುಂದೆ ಬಂತು.

ಬೆರಳು ಪೂರ್ತಿ ಊದುವ ಮೊದಲು ಉಂಗುರ ತೆಗೆಯಬೇಕಿತ್ತು. ಚೇಟ ಕಬ್ಬಿಣ ಕತ್ತರಿಸುವ ಗ್ರೈಂಡರ್ ಹಿಡಿದುಕೊಂಡು ಬಂದರು. “ಎರಡೇ ಸೆಕೆಂಡ್ ಸಾರೇ.” ನಾನು ಬೇಡ ಎಂದು ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿರಬೇಕು.

ಮೇಸ್ತ್ರಿಯ ಹೆಂಡತಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ತಂತಿಯ ಸುರುಳಿ ಬಿಗಿಯುವ ನೂಲಿನ ಒಂದು ತುದಿಯನ್ನು ಉಂಗುರದ ಅಡಿಯಿಂದ ತೂರಿಸಿ, ಉಳಿದದ್ದನ್ನು ಉಂಗುರದಿಂದ ಗೆಣ್ಣಿನ ಆಚೆಯವರೆಗೆ ಒತ್ತೊತ್ತಾಗಿ, ಮೋಟಾರಿಗೆ ಸುತ್ತುವ ಹಾಗೆಯೇ ಸುತ್ತಿದಳು. ಆಮೇಲೆ ತೂರಿಸಿದ ತುದಿಯನ್ನು ಹಿಡಿದು ನಿಧಾನವಾಗಿ ಬಿಚ್ಚುತ್ತಾ ಬಂದಳು. ಒಂದೊಂದು ಸುತ್ತು ಬಿಚ್ಚಿದಂತೆ ಉಂಗುರ ಒಂದೊಂದು ಹೆಜ್ಜೆ ಮುಂದೆ ಬಂತು. ಗ್ರೀಸಿಗೂ ಜಗ್ಗದ ಉಂಗುರ ಅವಳ ಅಂಗೈಗೆ ಬಿತ್ತು.

“ವಾರ್ನಿಶ್ ಹಚ್ಲಾ ಸಾರ್?” ಎಂದಳು. ವೈಂಡಿಂಗ್ ಮುಗಿದ ಮೇಲೆ ಮೋಟಾರಿಗೆ ವಾರ್ನಿಶ್ ಹಚ್ಚುತ್ತಾರೆ, ಅದಕ್ಕೆ ಕೇಳಿದ್ದು.

ನನ್ನ ಹೆಂಡತಿ ಉಂಗುರ ಇಸಿದುಕೊಂಡಳು. ನನ್ನ ಬೆರಳನ್ನು ಮುಟ್ಟಿ ಮುಟ್ಟಿ ನೋಡಿದಳು. ಹೋಗಿ ಉಂಗುರವನ್ನು ಹುಂಡಿಗೆ ಹಾಕಿದಳು. ಟಣ್ ಎಂದು ಸದ್ದಾಯಿತು. ಚೇಟ ಎಲ್ಲರ ಕೈ ನೋಡಿ, “ನಲವತ್ತು ಉಂಟು ಸಾರೇ” ಎಂದರು.

ಅದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಧೈರ್ಯ ಬಂದ ಕೂಡಲೇ ಅಭ್ಯಾಸಬಲದಿಂದ ರೇಗಿದೆ. “ಓಡುವ ಮೆಷಿನ್ನಿಗೆ ಸರ ಹಾಕಿದ್ದು ಯಾರು? ಯಾರಿಗೂ ಒಂದಿಷ್ಟು ಬುದ್ಧಿ ಬೇಡವಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮೇಸ್ತ್ರಿಯ ತಾಯಿ ಮಾತ್ರ ತಲೆ ಮೇಲಿನ ಚೆಂಡುಹೂವಿನ ಎಸಳು ಕೊಡವಿಕೊಳ್ಳುತ್ತಾ, “ಅದರ ಕೊರಳಿಗೂ ಪೇಂಟ್ ಹೊಡೆದಿದ್ರೆ ಆಗಿತ್ತು” ಎಂದರು.

ಹಬ್ಬದ ರಜೆ ಮುಗಿಸಿ ವರ್ಕ್‌ಶಾಪಿಗೆ ಬಂದರೆ ಬಾಗಿಲಿನ ಬೋರ್ಡಿನಲ್ಲಿ ನಾನು ಬರೆಸಿದ ಸಾಲು ಹಾಗೇ ಇತ್ತು: ‘ಒಡವೆ ತೆಗೆದಿಟ್ಟು ಒಳಗೆ ಬನ್ನಿ.’ ಅದರ ಕೆಳಗೆ ಗೇಟಿನ ಹಸಿರು ಪೇಂಟಿನಲ್ಲಿ, ಎರಡು ಕೋಟ್ ಹೊಡೆದು, ಯಾರೋ ಸೇರಿಸಿದ್ದರು:

‘ಸಾರ್ ಕೂಡ. ಡ್ರಿಲ್ಲಿಂಗ್ ಮೆಷಿನ್ ಕೂಡ.’