ವಿಟಮಿನ್ ಡಿ ಗ್ರಾಹಕರಿಗೆ, ಮುಂಡಗೋಡದ ಕಿರಾಣಿ ಅಂಗಡಿಯಿಂದ

ಮುಂಡಗೋಡ, ೨೦೦೪ರ ಬೇಸಿಗೆ

ನನ್ನ ಮೊಮ್ಮಗಳ ಮೈತುಂಬ ಬಿಡಾರ ಹೂಡಿರುವ ಮಾನ್ಯ ವಿಟಮಿನ್ ಡಿ ಗ್ರಾಹಕರೇ, ಕಿರಾಣಿ ವ್ಯಾಪಾರಿ ಶಿವಲಿಂಗಪ್ಪನ ಶರಣು ಶರಣಾರ್ಥಿ.

ಗ್ರಾಹಕರೆಂದರೆ ಅಂಗಡಿಗೆ ಬಂದು ಚೌಕಾಸಿ ಮಾಡುವವರೆಂದೇ ನಾನು ತಿಳಿದಿದ್ದೆ; ಮೈಯೊಳಗೂ ರಿಸೆಪ್ಟರ್ ಎಂಬ ಗ್ರಾಹಕರಿರುತ್ತಾರೆಂದು ಗೊತ್ತಿರಲಿಲ್ಲ. ಬಿಸಿಲಿನಿಂದ ಹುಟ್ಟಿದ ವಿಟಮಿನ್ನನ್ನು ಬರಮಾಡಿಕೊಂಡು ಎಲುಬು ಗಟ್ಟಿಯಾಗಿಸುವುದು ತಮ್ಮ ಕೆಲಸವೆಂದೂ, ತಮ್ಮ ಜೀನಿನಲ್ಲಿ, ಅಂದರೆ ವಂಶದಿಂದ ಬಂದ ಓಲೆಯಲ್ಲಿ, ಅಕ್ಷರವೊಂದು ತಪ್ಪಿರುವುದರಿಂದ ಬಾಗಿಲಿಗೆ ಬಂದ ಸರಕನ್ನು ತಾವು ಮುಟ್ಟುವುದೇ ಇಲ್ಲವೆಂದೂ ಹುಬ್ಬಳ್ಳಿಯ ಡಾಕ್ಟರು ಮೊನ್ನೆ ತಿಳಿಸಿದರು. ಇಷ್ಟು ಸೊಕ್ಕಿನ ಗ್ರಾಹಕರನ್ನು ನನ್ನ ಅಂಗಡಿ ಕಂಡಿಲ್ಲ.

ತಮ್ಮ ಘನಕಾರ್ಯದಿಂದ ಕೂಸು ತಾಯವ್ವನ ಕಾಲು ಸೊಟ್ಟಗಾಗಿವೆ, ತಲೆಯಲ್ಲಿ ಒಂದೆಳೆ ಕೂದಲಿಲ್ಲ. ಅವಳ ತಾಯಿ, ಅಂದರೆ ನನ್ನ ಮಗಳು ಸುಮಿತಾ, ಕೂಸಿಗೆ ಬಿಸಿಲು ಕಾಯಿಸಲಿಲ್ಲವೆಂದು ಹಳಿಯಾಳದ ಅತ್ತೆಮನೆಯವರು ಮೊದಲು ಬೈದರು. ಅಂಗಳದಲ್ಲಿ ಕೂರಿಸಿ ಕೂರಿಸಿ ಕೂಸು ಕಾದ ಹಂಚಾಯಿತು. ಆಮೇಲೆ, ಜಾವಳ ತೆಗೆಸದಿದ್ದುದಕ್ಕೆ ಮನೆದೇವರು ಮುನಿದಿದ್ದಾನೆಂದು ಬೋಳು ತಲೆಯ ಮೇಲೆ ಕತ್ತಿ ಆಡಿಸಿ, ಇಲ್ಲದ ಕೂದಲನ್ನು ಬಾಳೆಎಲೆಯಲ್ಲಿ ಹಿಡಿದು ಭಕ್ತಿಯಿಂದ ಒಪ್ಪಿಸಿದರು. ದೇವರಿಗೇ ಟೋಪಿ ಹಾಕಿಸಿದ ಕೀರ್ತಿ ತಮ್ಮದು.

ಈಗ ಸುಮಿತಾಳ ಅತ್ತೆ ಮಹಾದೇವಕ್ಕ, "ನಿನ್ನ ಮನಿ ರಕ್ತನ ಕೆಟ್ಟೈತಿ. ಮಗಳನ್ನ ಕರಕೊಂಡ ಹೋಗು, ನಮ್ಮ ಸಿದ್ದಲಿಂಗಗ ಬ್ಯಾರೆ ಹೆಣ್ಣ ನೋಡೇನಿ" ಎಂದು ನನಗೆ ಹೇಳಿ ಕಳಿಸಿದ್ದಾಳೆ. ಶಿವನೇ! ಈ ಮಹಾದೇವಕ್ಕ ನನ್ನ ಒಡಹುಟ್ಟಿದ ಅಕ್ಕ. ತವರಿನ ಬಳ್ಳಿ ಕಡಿಯಬಾರದೆಂದು ಹಟ ಹಿಡಿದು ತನ್ನ ಮಗ ಸಿದ್ದಲಿಂಗನಿಗೆ ನನ್ನ ಮಗಳನ್ನು ತಂದುಕೊಂಡವಳೂ ಅವಳೇ. ತಪ್ಪಿದ ಜೀನು ತಾಯಿಯಿಂದ ಒಂದು, ತಂದೆಯಿಂದ ಒಂದು ಬಂದರೆ ಮಾತ್ರ ಈ ರೋಗವೆಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಅಂದರೆ ತಾವು ನನ್ನ ಜೊತೆ ಮುಂಡಗೋಡದಲ್ಲಿ ಉಳಿದಿರಿ, ಅಕ್ಕನ ಜೊತೆ ದಿಬ್ಬಣದಲ್ಲಿ ಹಳಿಯಾಳಕ್ಕೂ ಹೋದಿರಿ. ಬೈಗುಳ ಮಾತ್ರ ಸುಮಿತಾ ಒಬ್ಬಳಿಗೆ. ಇದು ಯಾವ ನ್ಯಾಯ, ಮಾನ್ಯರೇ?

ಆದ್ದರಿಂದ ತಾವು ದಯಮಾಡಿ ಮುಂದಿನ ಸೋಮವಾರ ಹಳಿಯಾಳಕ್ಕೆ ಚಿತ್ತೈಸಿ, ಅಕ್ಕನ ಮನೆಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಕುಳಿತು, ನಾಲ್ಕು ಮಂದಿ ಹಿರಿಯರ ಮುಂದೆ "ನಾನು ಈ ಕೂಸಿನ ಅಪ್ಪನ ಕಡಿಂದನೂ ಬಂದೇನ್ರಿ" ಎಂದು ಒಂದು ಮಾತು ನುಡಿಯಬೇಕು. ನಾನು ಹೇಳಿದರೆ ಮಗಳ ಪರ ವಕಾಲತ್ತು ಎನ್ನುತ್ತಾರೆ.

ತಮ್ಮ ಅರ್ಧಪಾಲಿನ ವಿಶ್ವಾಸಿ,
ಶಿವಲಿಂಗಪ್ಪ

ತಾ.ಕ.: ಅಕ್ಕ ನೋಡಿಟ್ಟಿರುವ ಆ ಬೇರೆ ಹೆಣ್ಣು ನನ್ನ ತಮ್ಮನ ಮಗಳು. ತಾವು ಗಂಟುಮೂಟೆ ಕಟ್ಟುವ ಅಗತ್ಯವಿಲ್ಲ.