ಕಲೆ ಹೋಗಲಿಲ್ಲ!

ಆ ಶನಿವಾರ ಬೆಳಿಗ್ಗೆ ನಾನು ಮನೆಯವರೆಲ್ಲರ ಎದುರು, ಅಂದರೆ ಅಮ್ಮನ ಎದುರು, ಘನವಾಗಿ ಘೋಷಿಸಿದೆ: "ಇವತ್ತಿನಿಂದ ಪ್ರಕೃತಿಯೇ ನನ್ನ ಗುರು!"

"ಹಾಗಾದ್ರೆ ಹಾಸಿಗೆ ಮಡಚೋದನ್ನೂ ಅವಳೇ ಕಲಿಸ್ಲಿ," ಎಂದಳು ಅಮ್ಮ, ಕಣ್ಣು ಬಿಡದೆ.

ಅಮ್ಮನದು ಬೀದಿ ಕೊನೆಯ ಲಾಂಡ್ರಿ. ದಿನವಿಡೀ ಊರವರ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಅವಳಿಗೆ ಎಂಥ ಸುಸ್ತೆಂದರೆ, ಆಕಳಿಕೆ ಶುರು ಮಾಡುತ್ತಾಳೆ, ಮುಗಿಸಲು ಶಕ್ತಿ ಇರುವುದಿಲ್ಲ!

ನನ್ನ ಆವೇಶಕ್ಕೆ ಕಾರಣವಿತ್ತು. ಕಾಲೇಜಿನ ಆರ್ಟ್ ಕ್ಲಬ್ ಚಿತ್ರ ಬರೆಯಲು ಬೆಟ್ಟಕ್ಕೆ ಹೊರಟಿತ್ತು. ವ್ಯಾನಿನಲ್ಲಿ ಉಳಿದದ್ದು ಒಂದೇ ಸೀಟು. ಡ್ರಾಯಿಂಗ್ ಮೇಡಂ ಸೋಮವಾರ ಯಾರ ಜಲವರ್ಣ ಚಿತ್ರ ಮೆಚ್ಚುತ್ತಾರೋ ಅವರಿಗೆ ಆ ಸೀಟು. ಬೆಟ್ಟ! ಮಂಜು! ನಾನು! ನಿದ್ದೆಯಲ್ಲೂ ಬ್ಯಾಗ್ ಪ್ಯಾಕ್ ಮಾಡುತ್ತಿದ್ದೆ.

ನಮ್ಮ ತಾರಸಿ ಹತ್ತಿದರೆ ನೀರಿನ ಟ್ಯಾಂಕುಗಳ ಸಂದಿಯಲ್ಲಿ ಬೆರಳಗಲ ಬೆಟ್ಟ ಕಾಣುತ್ತದೆ. ಅಷ್ಟು ಪ್ರಕೃತಿ ಸಾಕೆಂದು ಕೆಳಗಿಳಿದು ಟೇಬಲ್ ಮುಂದೆ ಕೂತೆ! ಮೊಬೈಲಿನಲ್ಲಿ ನೋಡಿದ ಟೆಕ್ನಿಕ್ಕುಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಪ್ರಯೋಗಿಸಿದೆ. ಒದ್ದೆ ಹಾಳೆಗೆ ಒದ್ದೆ ಬಣ್ಣ ಬಿಟ್ಟೆ. ಆಕಾಶ ಜಾರಿ ಬೆಟ್ಟದ ಹೊಟ್ಟೆ ಸೇರಿತು. ಹಸಿ ಬಣ್ಣದ ಮೇಲೆ ಉಪ್ಪು ಉದುರಿಸಿದರೆ ಹುಲ್ಲಿನ ಚುಕ್ಕೆ ಬರುತ್ತದಂತೆ; ನನ್ನ ಗದ್ದೆಗೆ ಸಿಡುಬು ಬಂತು. ಸ್ಟ್ರಾದಿಂದ ಊದಿ ಕೊಂಬೆ ಹರಡಲು ಹೋದೆ. ಬಣ್ಣ ಗೋಡೆಯ ಕ್ಯಾಲೆಂಡರಿಗೆ ಹಾರಿ ಮುಂದಿನ ವಾರ ಪೂರ್ತಿ ಹಸಿರಾಯಿತು!

"ಉಪ್ಪಿನ ಡಬ್ಬಿ ಎಲ್ಲೇ?" ಅಡುಗೆಮನೆಯಿಂದ ಅಮ್ಮ.

"ಗದ್ದೆಯಲ್ಲಿದೆ ಅಮ್ಮಾ!"

"ಹಾಗಾದ್ರೆ ಊಟಾನೂ ಅಲ್ಲೇ ಮಾಡ್ಕೋ."

ಭಾನುವಾರ ಹೊಸ ಹಾಳೆ, ಹೊಸ ಶಿಸ್ತು. ಬೆಟ್ಟ, ಮರ ಬರೆದು ಇಡೀ ಹಾಳೆಗೆ ತೆಳು ನೀಲಿ ಹರಡಿದೆ. ಹೀಗೆ ತೆಳುವಾಗಿ ಬಣ್ಣ ಹರಡುವುದಕ್ಕೆ ನಮ್ಮ ಕಲಾಲೋಕದಲ್ಲಿ ವಾಶ್ ಎನ್ನುತ್ತಾರೆ. ಒಣಗಿದ ಮೇಲೆ ಇನ್ನೊಂದು ಪದರ ಬಳಿಯಬೇಕು. ಅಷ್ಟರಲ್ಲಿ ಗೆಳತಿಯ ಮನೆಯಿಂದ ದೊಡ್ಡ ಬ್ರಶ್ ತರೋಣವೆಂದು ಹೊರಟೆ. ಆಗಷ್ಟೇ ಅಂಗಡಿಯಿಂದ ಬಂದು ಕುರ್ಚಿಗೆ ಬಿದ್ದಿದ್ದ ಅಮ್ಮನಿಗೆ ಬಾಗಿಲಿಂದಲೇ ಕೂಗಿದೆ: "ಟೇಬಲ್ ಮೇಲಿರೋದನ್ನ ಸ್ವಲ್ಪ ನೋಡ್ಕೋ ಅಮ್ಮಾ! ಫಸ್ಟ್ ವಾಶ್ ಆಗಿದೆ, ಒಣಗಿದ್ಮೇಲೆ ಸೆಕೆಂಡ್ ವಾಶ್ ಆಗ್ಬೇಕು!"

"ಹ್ಞೂಂ," ಎಂದಿತು ಕುರ್ಚಿ.

ಲಾಂಡ್ರಿಯವಳಿಗೆ ಈ ಮಾತು ಹೇಳಬಹುದೇ!

ವಾಪಸು ಬಂದಾಗ ನನ್ನ ಬೆಟ್ಟ ಹಗ್ಗದ ಮೇಲೆ, ಎರಡು ಕ್ಲಿಪ್ಪಿನ ಆಸರೆಯಲ್ಲಿ, ತೊಟ್ಟಿಕ್ಕುತ್ತಿತ್ತು!

"ಅಮ್ಮಾ! ಏನಿದು!"

"ಸೆಕೆಂಡ್ ವಾಶ್ ಆಯ್ತು ಕಣೆ. ಬಣ್ಣ ಬಿಡ್ತು. ಕಲೆ ಮಾತ್ರ ಹೋಗ್ಲಿಲ್ಲ."

"ಅದು ಕಲೆ ಅಮ್ಮಾ! ಕಲೆ!"

"ನಾನೂ ಅದನ್ನೇ ಹೇಳ್ತಿರೋದು. ಹೋಗ್ಲಿಲ್ಲ."

ಮನೆಯಲ್ಲಿ ಇನ್ನೊಂದು ಹಾಳೆ ಇರಲಿಲ್ಲ. ಸೋಮವಾರ ಆ ತೊಳೆದ ಬೆಟ್ಟವನ್ನೇ ಹೊತ್ತುಕೊಂಡು ಹೋದೆ. ಮೇಡಂ ನೋಡಿದರು. "ಬೆಟ್ಟ ಮುರಿದ ಕೊಡೆ ಥರ ಇದೆ. ಮರ ಪೊರಕೆ." ನನ್ನ ಸೀಟು ವ್ಯಾನಿನಿಂದ ಇಳಿದು ನಡೆಯತೊಡಗಿತು. ಅಷ್ಟರಲ್ಲಿ ಮೇಡಂ ಕನ್ನಡಕ ಸರಿಮಾಡಿಕೊಂಡರು. "ಅರೆ, ಈ ಮಂಜು! ಬೆಟ್ಟ ಅರ್ಧ ಕರಗಿ ಹೋದ ಹಾಗಿದೆ! ಹೇಗೆ ಮಾಡ್ದೆ?"

"ನನ್ನ ಸ್ವಂತ ಟೆಕ್ನಿಕ್ ಮೇಡಂ!" ಬಾಯಿ ಜಾರಿತು.

"ಹೌದಾ? ಬಾ, ಎಲ್ಲರಿಗೂ ತೋರಿಸು."

ಇಡೀ ಕ್ಲಾಸಿನ ಮುಂದೆ ಒದ್ದೆ ಬ್ರಶ್ಶಿನಿಂದ ಉಜ್ಜಿದೆ, ಇನ್ನೂ ಉಜ್ಜಿದೆ. ಹಾಳೆ ತೂತಾಯಿತು, ನನ್ನ ಬಣ್ಣ ಬಯಲಾಯಿತು! "ಅಮ್ಮ ತೊಳೆದಿದ್ದು ಮೇಡಂ," ಎಂದೆ, ನೆಲ ನೋಡುತ್ತ.

ಮೇಡಂ ಅಲ್ಲಿಂದಲೇ ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. "ಎಷ್ಟು ಹೊತ್ತು ನೀರು ಬಿಟ್ರಿ?"

"ಗೊತ್ತಿಲ್ಲ ಮೇಡಂ. ನಲ್ಲಿ ಕೆಳಗೆ ಹಿಡ್ಕೊಂಡು ನಿಂತಲ್ಲೇ ತೂಕಡಿಸಿಬಿಟ್ಟೆ."

ಕ್ಲಾಸ್ ಗೊಳ್ಳೆಂದಿತು. ಮೇಡಂ ನಗಲಿಲ್ಲ. "ಹುಡುಗಿಯರ ಜೊತೆ ಯಾರಾದ್ರೂ ದೊಡ್ಡವರು ಬೇಕು ಅಂತ ಹುಡುಕ್ತಾ ಇದ್ದೆ. ಆ ಸೀಟು ನಿಮ್ಮದು. ಬರ್ತೀರಾ ಬೆಟ್ಟಕ್ಕೆ?"

ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅಮ್ಮ ಕೇಳಿದಳು: "ಮಲಗೋಕೆ ಜಾಗ ಇದೆಯಾ? ಆದ್ರೆ ಅಂಗಡಿ ಯಾರು ನೋಡ್ಕೋತಾರೆ?"

ಇಡೀ ಕ್ಲಾಸ್ ನನ್ನತ್ತ ತಿರುಗಿತು!

ಮುಂದಿನ ಶನಿವಾರ ಅಮ್ಮ ಬೆಟ್ಟದಲ್ಲಿ, ನಾನು ಬಟ್ಟೆಯ ಬೆಟ್ಟದಲ್ಲಿ! ಮೊದಲ ಗಿರಾಕಿ ತಂದಿದ್ದ ಅಂಗಿ ಬಿಡಿಸಿ ಹಿಡಿದು, "ಇಲ್ಲಿ ಕಲೆ ಇದೆ ನೋಡಮ್ಮ," ಎಂದರು. ಅಷ್ಟೇ ಸಾಕಿತ್ತು ಅಳು ಬರಲು. ಸಂಜೆಯ ಹೊತ್ತಿಗೆ ಬೆನ್ನು ನನ್ನದೋ ಕುರ್ಚಿಯದೋ ತಿಳಿಯಲಿಲ್ಲ. ಒಂದು ಆಕಳಿಕೆ ಶುರು ಮಾಡಿದೆ, ಮುಗಿಸಲು ಶಕ್ತಿ ಸಾಲಲಿಲ್ಲ. ಅಮ್ಮನ ಆಕಳಿಕೆಗಳೆಲ್ಲ ಒಟ್ಟಿಗೆ ನೆನಪಾದವು.

ಫೋನ್ ಮಾಡಿದೆ. "ಹೇಗಿದೆ ಅಮ್ಮಾ ಬೆಟ್ಟ? ಮಂಜು ಹೇಗಿತ್ತು?"

ಆ ಕಡೆಯಿಂದ ಉದ್ದವಾದ, ಪೂರ್ತಿ ಮುಗಿದ ಒಂದು ಆಕಳಿಕೆ ಕೇಳಿಸಿತು.

"ತುಂಬಾ ಚೆನ್ನಾಗಿತ್ತಂತೆ ಕಣೆ. ನಾನೀಗಷ್ಟೇ ಎದ್ದೆ."