ಧನ್ಯವಾದ ಮುಗಿಯುವವರೆಗಿನ ಹೊಲಿಗೆ ಯಂತ್ರ

ಅಲೆವೂರು ಆಸುಪಾಸಿನ ಬಡತನವು ಈಗ ಕೆಲವು ವರ್ಷಗಳಿಂದ ಕ್ರಮಬದ್ಧವಾಗಿ, ಆಮಂತ್ರಣ ಪತ್ರಿಕೆಯಲ್ಲಿ ನಮೂದಿಸಿದ ದಿನಾಂಕಗಳಂದು, ಮೈಕಿನ ಸಮಕ್ಷಮದಲ್ಲಿ ಕಡಿಮೆಯಾಗುತ್ತ ಬಂದಿದೆ. ಈ ಸಂಗತಿಯನ್ನು ನನಗೆ ಮೊದಲು ಹೇಳಿದವರು ಶಾಮಿಯಾನದ ಇದಿನಬ್ಬ. ಕುರ್ಚಿ, ಮೈಕು, ಶಾಮಿಯಾನ ಎಲ್ಲ ಒದಗಿಸುವವರು ಅವರೇ ಆದುದರಿಂದ, ಸಭೆ ಶುರುವಾಗುವ ಮೊದಲು ಬಂದು ಮುಗಿದ ಮೇಲೆ ಹೋಗುವ ಒಬ್ಬನೇ ಮನುಷ್ಯ ಅವರು. ಹೆಸರು ಹೇಳಬಹುದೋ ಎಂದು ಕೇಳಿದೆ. "ಹೇಳಿ, ನನಗೆಂತ ಹೆದರಿಕೆ? ಕುರ್ಚಿ ನನ್ನದಲ್ವಾ?" ಅಂದರು.

ದಾರಿದ್ರ್ಯ ವಿಮೋಚನಾ ಮಹಾಸಮಿತಿ ಎಂಬುದು ನಮ್ಮಲ್ಲಿ ಉಂಟು. ಅಧ್ಯಕ್ಷರು ಅನಂತೇಶರು, ಕಾರ್ಯದರ್ಶಿ ಜಿತೇಂದ್ರ. ಮುಂಬಯಿಯಲ್ಲಿ ಹೋಟೆಲು ನಡೆಸುವ ಊರಿನವರು ಸಮಿತಿಗೆ ಹಣ ಕಳಿಸುತ್ತಾರೆ. ಬಡ ಹೆಂಗಸೊಬ್ಬಳಿಗೆ ಹೊಲಿಗೆ ಯಂತ್ರ ಹಸ್ತಾಂತರಿಸಿದ ಫೋಟೋ ತಲುಪಿದ ಕೂಡಲೇ ಇನ್ನೊಂದು ಯಂತ್ರಕ್ಕೆ ಹಣ ಬರುತ್ತದೆ. ಸಮಿತಿಯು ದೀರ್ಘ ಚರ್ಚೆ ನಡೆಸಿ, ಫೋಟೋಗಳು ಹಲವು ಬೇಕಾದರೂ ಯಂತ್ರ ಒಂದೇ ಸಾಕೆಂಬುದನ್ನು ಕಂಡುಕೊಂಡಿತು. ಉಳಿದ ಹಣದಲ್ಲಿ ಫ್ಲೆಕ್ಸ್, ಶಾಲು, ಸ್ಮರಣಿಕೆ ಮತ್ತು ಗಣ್ಯರಿಗೆ ಊಟ. ಊಟ ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು.

ಮೊದಲನೆಯ ಫಲಾನುಭವಿ ಯಂತ್ರವನ್ನು ಮನೆಗೆ ಕೊಂಡುಹೋಗಲು ರಿಕ್ಷಾ ಕರೆಸಿಬಿಟ್ಟಳು. ಸಭಾಮರ್ಯಾದೆ ತಿಳಿಯದವಳೆಂದು ಅವಳನ್ನು ಕೈಬಿಡಲಾಯಿತು. ಮುಂದೆ ಗೊಂದಲವಾಗಬಾರದೆಂದು ಒಂದು ನಿಯಮ ಮಾಡಿದರು: "ಯಂತ್ರದ ಮೇಲಿನ ಫಲಾನುಭವಿಯ ಸಂಪೂರ್ಣ ಹಕ್ಕು ಹಸ್ತಾಂತರದ ಕ್ಷಣದಿಂದ ಆರಂಭಗೊಂಡು, ಧನ್ಯವಾದ ಸಮರ್ಪಣೆಯ ಕೊನೆಯ ಶಬ್ದದೊಂದಿಗೆ ಮುಕ್ತಾಯಗೊಳ್ಳತಕ್ಕದ್ದು. ತದನಂತರ ಯಂತ್ರವು ಸಮಿತಿಯ ಸುರಕ್ಷಿತ ವಶದಲ್ಲಿರತಕ್ಕದ್ದು." ಸುರಕ್ಷಿತ ವಶ ಎಂದರೆ ಇದಿನಬ್ಬರ ಗೋಡೌನು.

ಎರಡನೆಯ ಫಲಾನುಭವಿಯಾಗಿ ಸುಭಾಷಿಣಿ ಎಂಬವರನ್ನು ಆರಿಸಿದರು. ಅವರ ಗಂಡ ಮಲ್ಪೆಯಲ್ಲಿ ಬೋಟಿನಿಂದ ಬಿದ್ದು ಸೊಂಟ ನೋಯಿಸಿಕೊಂಡು ಮನೆಯಲ್ಲಿದ್ದರು. ಊರಿನ ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಆ ವರ್ಷ ಹೇಗೋ ಸುಭಾಷಿಣಿಯವರ ಕೈಗೆ ಬಂದಿತ್ತು. ಆದರೆ ಅವರು ಬಾಡಿಗೆಗೆ ತಂದಿದ್ದ ಮಿಷನನ್ನು ಅದರ ಯಜಮಾನಿ ಹಿಂದೆ ಒಯ್ದಿದ್ದಳು. ಶಾಲೆ ತೆರೆಯುವುದರೊಳಗೆ ಅಂಗಿಗಳು ಮುಗಿಯದಿದ್ದರೆ ಕೆಲಸ ಮಣಿಪಾಲದ ಅಂಗಡಿಯವನಿಗೆ ಹೋಗುವುದೆಂದು ಶಾಲೆಯವರು ಹೇಳಿದ್ದರು. ಹಾಗಾಗಿ ಸಮಿತಿಯವರು ಕರೆದಾಗ ಅವರು ದೇವರಿಗೆ ಕೈಮುಗಿದು ಹೊರಟರು.

ಅವರಿಗೆ ಮೊದಲ ಹಸ್ತಾಂತರ ಕಾರ್ಕಳದಲ್ಲಿ. ಯಂತ್ರಕ್ಕೆ ಅಷ್ಟು ಜನ ಗಣ್ಯರು ಕೈ ಹಾಕಿದ್ದರಿಂದ ಫೋಟೋದಲ್ಲಿ ಸುಭಾಷಿಣಿಯವರ ಮೋರೆ ಕಾಣಲಿಲ್ಲ. ಮುಂದೆಯೂ ಕಾಣಲಿಲ್ಲ. ಮುಂಬಯಿಯವರಿಗೆ ಪ್ರತಿ ಸಲವೂ ಬೇರೆ ಹೆಂಗಸೆಂದೇ ತೋರುವುದರಿಂದ ಇದು ಅನುಕೂಲವೇ ಆಯಿತು. ಸಭೆ ಮುಗಿದ ಮೇಲೆ ಯಂತ್ರ ಟೆಂಪೋ ಏರಿತು, ಅವರು ಬರಿಗೈಯಲ್ಲಿ ಬಸ್ಸು ಹತ್ತಿದರು. ದಾರಿಯಲ್ಲಿ ಅತ್ತರಂತೆ. ಇದು ನಡಾವಳಿಯಲ್ಲಿ ಇಲ್ಲ.

ಎರಡನೆಯದು ಹೂಡೆಯಲ್ಲಿ. ಅಲ್ಲಿ ಅವರು ವೇದಿಕೆ ಹತ್ತುವ ಮೊದಲು ಕಾರ್ಯದರ್ಶಿಯನ್ನು ಮೆಲ್ಲ ಕೇಳಿದರು.

"ಜಿತೇಂದ್ರಣ್ಣ, ಧನ್ಯವಾದ ಆಗುವವರೆಗೆ ಮಿಷನ್ ನನ್ನದೇ ಅಲ್ವಾ?"

"ನಿಯಮ ಪ್ರಕಾರ ನಿಮ್ಮದೇ ಸುಭಾಷಿಣಕ್ಕ, ಯಾರೂ ಮುಟ್ಟುವ ಹಾಗಿಲ್ಲ."

ಹಸ್ತಾಂತರವಾಯಿತು, ಫೋಟೋ ಆಯಿತು, ಗಣ್ಯರು ಕುರ್ಚಿಗೆ ಮರಳಿದರು. ಸುಭಾಷಿಣಿಯವರು ಬಟ್ಟೆಯ ಚೀಲದಿಂದ ಮನೆಯಲ್ಲೇ ಕತ್ತರಿಸಿ ತಂದ ತುಂಡುಗಳನ್ನು ತೆಗೆದು, ಸೂಜಿಗೆ ದಾರ ಪೋಣಿಸಿ, ಪೆಡಲು ತುಳಿಯತೊಡಗಿದರು. ಅಧ್ಯಕ್ಷರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಜಿತೇಂದ್ರ ನಿಯಮವನ್ನು ಕಿವಿಯಲ್ಲಿ ಹೇಳಿದ. ಅಧ್ಯಕ್ಷರು ಮುಂದುವರಿಸಿದರು. ಅವರ ಭಾಷಣ ಮುಗಿಯುವಷ್ಟರಲ್ಲಿ ಒಂದು ಅಂಗಿ ಆಗಿತ್ತು.

ಆವರೆಗೆ ನಮ್ಮಲ್ಲಿ ಭಾಷಣಗಳಿಂದ ಏನೂ ಆಗುವುದಿಲ್ಲವೆಂಬ ಅಪವಾದವಿತ್ತು. ಈಗ ಅದು ನಿವಾರಣೆಯಾಯಿತು. ಮಣಿಪಾಲದ ನಿವೃತ್ತ ಪ್ರಾಂಶುಪಾಲ ವಿದ್ಯಾಧೀಶರು ಮಾತಿಗೆ ನಿಂತರೆ ಜನ ಚಪ್ಪಲಿ ಹುಡುಕುವುದು ಮೊದಲಿನ ವಾಡಿಕೆ. ಅವರು ಬಡತನದ ವಿಷಯವನ್ನು ವೇದಕಾಲದಿಂದ ಎತ್ತಿಕೊಳ್ಳುತ್ತಾರೆ. ಈಗ ಮಕ್ಕಳ ತಾಯಂದಿರು ಸಮಿತಿಗೆ ಹೋಗಿ, ಮುಂದಿನ ಸಭೆಗೆ ಅವರನ್ನೇ ಕರೆಯಬೇಕೆಂದು ಮನವಿ ಸಲ್ಲಿಸಿದರು. ಅವರು ಬಂದ ದಿನ ಗಂಡುಮಕ್ಕಳ ಚಡ್ಡಿಗಳೆಲ್ಲ ಮುಗಿದುವು. ಇಷ್ಟು ಮಂದಿ ಕೊನೆಯವರೆಗೆ ಕುಳಿತದ್ದನ್ನು ಕಂಡು ವಿದ್ಯಾಧೀಶರಿಗೆ ಕಣ್ಣು ತುಂಬಿತು. ಹೆಂಗಸರು ರವಿಕೆಯ ಅಳತೆ ಕೊಡಲೂ ಸಭೆಗೇ ಬರತೊಡಗಿದರು. ಕುರ್ಚಿ ಸಾಲದೆ ಇದಿನಬ್ಬ ಇನ್ನಷ್ಟು ಕೊಂಡರು.

ಶಾಲೆ ತೆರೆಯುವ ಮುನ್ನಾದಿನ ಕಾಪುವಿನಲ್ಲಿ ಸಭೆ. ಚೀಲದಲ್ಲಿ ಕೊನೆಯ ಕೆಲವು ಅಂಗಿಗಳು ಉಳಿದಿದ್ದುವು. ವಿದ್ಯಾಧೀಶರಿಗೆ ಗಂಟಲು ಕಟ್ಟಿದ್ದರಿಂದ, ಹೊಸದಾಗಿ ಬಂದಿದ್ದ ಅಧಿಕಾರಿ ಪ್ರಣೀತಾ ಎಂಬವರನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಆಕೆ ಎದ್ದು, ಎರಡು ಮಾತು ಆಡುತ್ತೇನೆ ಎಂದರು. ಹಾಗೆ ಹೇಳಿ ಎರಡೇ ಮಾತು ಆಡಿದ ಅತಿಥಿಯನ್ನು ಈ ಕರಾವಳಿ ಅದುವರೆಗೆ ಕಂಡಿರಲಿಲ್ಲ. ಅವರು ಕುಳಿತಾಗ ಚಪ್ಪಾಳೆ ತಟ್ಟಲು ಯಾರಿಗೂ ತೋಚಲಿಲ್ಲ.

ಇನ್ನು ಉಳಿದದ್ದು ಧನ್ಯವಾದ ಮಾತ್ರ. ಜಿತೇಂದ್ರ ಮೈಕಿನ ಮುಂದೆ ನಿಂತ. ಸುಭಾಷಿಣಿಯವರು ತಲೆ ಎತ್ತದೆ, ಹೊಲಿಯುತ್ತಲೇ ಹೇಳಿದರು.

"ಜಿತೇಂದ್ರಣ್ಣ, ನಿಮ್ಮ ಮಗಳು ಗಾನವಿಯ ಅಂಗಿಗೆ ತೋಳು ಕೂತಿಲ್ಲ. ಅದರ ಅಡಿಯಲ್ಲಿ ಬೇರೆಯವರದ್ದೂ ಉಂಟು. ಇವತ್ತು ಆಗದಿದ್ದರೆ ನಾಳೆಯಿಂದ ನಾನು ಮನೆಯಲ್ಲಿ ಸುಮ್ಮನೆ ಕೂರುವುದು."

ಜಿತೇಂದ್ರ ಎದುರಿನ ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದ. ಆಕೆಯೂ ಅವನನ್ನೇ ನೋಡಿದರು. ಅವನು ಗಂಟಲು ಸರಿಮಾಡಿಕೊಂಡು ಆರಂಭಿಸಿದ.

ಅಧ್ಯಕ್ಷರಿಗೆ, ಅಧ್ಯಕ್ಷರನ್ನು ಹೆತ್ತವರಿಗೆ, ಅವರಿಗೆ ಅಕ್ಷರ ಕಲಿಸಿದವರಿಗೆ ಧನ್ಯವಾದ ಹೇಳಿದ. ಬಂದವರಿಗೆ, ಬರುತ್ತೇನೆಂದು ಬಾರದವರಿಗೆ, ಕರೆಯದಿದ್ದರೂ ಬೇಸರಿಸದವರಿಗೆ ಹೇಳಿದ. ಕರೆಂಟು ತೆಗೆಯದಿದ್ದ ಲೈನ್‌ಮ್ಯಾನಿಗೆ, ಸದ್ದು ಮಾಡದಿದ್ದ ಸಮುದ್ರಕ್ಕೆ, ಅತ್ತ ಊಟದ ಸಾಲಿನಲ್ಲಿ ತಣ್ಣಗಾಗುತ್ತಿದ್ದ ಸಾರಿಗೆ ಹೇಳಿದ. "ನನ್ನ ಕುರ್ಚಿಗಳಿಗೆ ಒಂದೊಂದಕ್ಕೂ ಹೇಳಿದ ಮಾರಾಯ್ರೆ," ಎಂದರು ಇದಿನಬ್ಬ, "ಕಾಲು ಮುರಿದದ್ದನ್ನೂ ಬಿಡಲಿಲ್ಲ."

ಪ್ರಣೀತಾ ಗಡಿಯಾರ ನೋಡಿ ಅನಂತೇಶರ ಕಡೆ ಬಾಗಿದರು. "ಇನ್ನೆಷ್ಟು ಹೊತ್ತು ಸರ್?"

"ಕಾಜ ಆಗಬೇಕು ಮೇಡಂ. ಆಮೇಲೆ ಗುಂಡಿ."

ಆಕೆ ಅರ್ಥವಾದವರಂತೆ ತಲೆಯಾಡಿಸಿದರು. ಸರಕಾರಿ ಕೆಲಸದಲ್ಲಿರುವವರು ಬೇಗ ಕಲಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಗುಂಡಿಗಳನ್ನು ಮಡಿಲಲ್ಲಿ ಹಾಕಿಕೊಂಡು ಒಂದೊಂದೇ ತೆಗೆದು ಕೊಡುತ್ತಿದ್ದರು. ಕೊನೆಯ ಅಂಗಿಯ ದಾರ ಕತ್ತರಿಸಿ ಸುಭಾಷಿಣಿಯವರು "ಆಯ್ತು" ಅಂದರು. ಜಿತೇಂದ್ರ "ವಂದನೆಗಳು" ಎಂದು ಹೇಳಿ ಅಲ್ಲೇ ಕುಳಿತುಬಿಟ್ಟ. ಮರುದಿನ ಮಕ್ಕಳೆಲ್ಲ ಹೊಸ ಅಂಗಿಯಲ್ಲಿ ಶಾಲೆಗೆ ಹೋದರು. ಮಣಿಪಾಲದ ಅಂಗಡಿಯವನು ಬಂದು ನೋಡಿಕೊಂಡು ಹಿಂದಿರುಗಿದ.

ಆ ಮೇಲಿನ ಮಹಾಸಭೆಯಲ್ಲಿ ಇದಿನಬ್ಬ ಒಂದು ಸಲಹೆ ಕೊಟ್ಟರಂತೆ. ಇಷ್ಟೆಲ್ಲ ಮಾಡುವ ಬದಲು ಆ ಹೆಂಗಸಿಗೆ ಯಂತ್ರವನ್ನು ಕೊಟ್ಟೇಬಿಡಬಹುದಲ್ವಾ ಎಂದು. ಅನಂತೇಶರು ಅವರನ್ನು ಮರುಕದಿಂದ ನೋಡಿದರು.

"ಕೊಟ್ಟುಬಿಟ್ಟರೆ ಮುಂದಿನ ಸಲ ಎಂತ ಕೊಡುವುದು ಇದಿನಬ್ಬರೇ?"

ಧನ್ಯವಾದವು ಇನ್ನು ಮುಂದೆ ಚೀಲ ಖಾಲಿಯಾಗುವವರೆಗೆ ನಡೆಯತಕ್ಕದ್ದೆಂದು ತೀರ್ಮಾನವಾಯಿತು.

ಕಾಲಕ್ರಮೇಣ ಹೊಲಿದ ದುಡ್ಡಿನಲ್ಲಿ ಸುಭಾಷಿಣಿಯವರು ತಮ್ಮದೇ ಒಂದು ಹೊಸ ಯಂತ್ರ ಕೊಂಡರು. ಸಮಿತಿಯಲ್ಲಿ ಆತಂಕ ಹಬ್ಬಿತು. ಸ್ವಂತ ಯಂತ್ರವಿರುವವರು ಬಡವರಲ್ಲ, ಬಡವರಲ್ಲದವರಿಗೆ ಯಂತ್ರ ಕೊಡಬಾರದು, ಕೊಡದೆ ಇದ್ದರೆ ಫೋಟೋ ಇಲ್ಲ. ತುರ್ತು ಸಭೆ ಕರೆದು, ಅವರನ್ನೇ ಕೂರಿಸಿ ಕೇಳಿದರು. ಆ ಹೊಸ ಯಂತ್ರವನ್ನು ಸಮಿತಿಗೆ ದಾನ ಮಾಡಿದರೆ ಅವರು ಪುನಃ ಬಡವರಾಗುತ್ತಾರೆ, ಆಗ ಅದನ್ನೇ ಅವರಿಗೆ ವಿಧಿವತ್ತಾಗಿ ಹಸ್ತಾಂತರಿಸಬಹುದು ಎಂದು ಜಿತೇಂದ್ರ ವಿವರಿಸಿದ.

ಸುಭಾಷಿಣಿಯವರು ಸ್ವಲ್ಪ ಯೋಚಿಸಿದರು. ಮನೆಯಲ್ಲಿ ಕೂತರೆ ಬಟ್ಟೆ ಕೊಡಲು ಯಾರು ಹುಡುಕಿಕೊಂಡು ಬರುತ್ತಾರೆ? ಅಲ್ಲಾದರೆ ಜನ ಉಂಟು, ಫ್ಯಾನ್ ಉಂಟು, ಊಟವೂ ಆಗುತ್ತದೆ.

"ಆಗಲಿ," ಅಂದರು. "ಆದರೆ ದಾನ ಕೊಡುವಾಗ ನನಗೂ ಒಂದು ಶಾಲು ಹೊದೆಸಬೇಕು. ಅಂಚು ನಾನೇ ಹೊಲಿದುಕೊಳ್ಳುತ್ತೇನೆ."

ಸಭೆ ಅದನ್ನು ಅವಿರೋಧವಾಗಿ ಅಂಗೀಕರಿಸಿತು; ಮುಂದಿನ ದಾನಕ್ಕೆ ಬೇಕಾಗುವುದರಿಂದ ಆ ಯಂತ್ರ ಮಾತ್ರ ಸಭೆ ಮುಗಿದ ಮೇಲೆ ಅವರ ಮನೆಗೇ ಹೋಗತಕ್ಕದ್ದೆಂದೂ ಸೇರಿಸಿತು. ಈಗ ಪ್ರತಿ ಕಾರ್ಯಕ್ರಮದಲ್ಲಿ ಮೊದಲು ದಾನಿಯಾಗಿ, ಅನಂತರ ಫಲಾನುಭವಿಯಾಗಿ ಎರಡು ಸಲ ಅವರ ಹೆಸರು ಕರೆಯುತ್ತಾರೆ, ಮುಂಬಯಿಗೆ ಎರಡು ಫೋಟೋ ಹೋಗುತ್ತವೆ. ದಾನಿಗಳ ಸಂಖ್ಯೆ ಹೆಚ್ಚಿದ್ದನ್ನು ಕಂಡು ಮುಂಬಯಿಯವರಿಗೂ ಸಂತೋಷವಾಗಿದೆಯಂತೆ.

ಇದಿನಬ್ಬ ಹೇಳಿದ್ದಿಷ್ಟು. ನಿಮಗೂ ಯಾರಾದರೂ ಸಭೆಯಲ್ಲಿ ಪಕ್ಕದ ಕುರ್ಚಿಯವರು ಸಿಕ್ಕಿದರೆ, ಭಾಷಣ ನಡೆಯುವಾಗ ಮೆಲ್ಲ ಇದನ್ನು ಅವರ ಕಿವಿಗೆ ಹಾಕಿಬಿಡಿ. ಸಮಯ ಹೇಗೂ ಇರುತ್ತದೆ.